19 ವರ್ಷ ಜೊತೆಗಿದ್ದ ಒಂದು ಸಾಧಾರಣ ಗಿಟಾರ್ ಬಗ್ಗೆ

ಗಿಟಾರ್ ಕೊಂಡ ವಾರಕ್ಕೇ ಬರೆದ ವಿಮರ್ಶೆಗಳನ್ನು ತುಂಬ ಓದಿದ್ದೇನೆ. ಬಣ್ಣ ಚೆನ್ನಾಗಿದೆ, ಪ್ಯಾಕಿಂಗ್ ಚೆನ್ನಾಗಿತ್ತು, ದನಿ ಸಖತ್ತಾಗಿದೆ, ಐದಕ್ಕೆ ಐದು. ಆ ಖುಷಿ ನನಗೂ ಗೊತ್ತು, ತಪ್ಪೇನಿಲ್ಲ. ಆದರೆ ಒಂದು ಗಿಟಾರ್ ಎಂಥದ್ದು ಅಂತ ವಾರದಲ್ಲಿ ತಿಳಿಯುವುದಿಲ್ಲ. ನನ್ನದು ಮನೆಗೆ ಬಂದು 19 ವರ್ಷ ಆಯಿತು. ಹೋದ ವಾರ ಅದರ ಫ್ರೆಟ್‌ಗಳನ್ನು, ಅಂದರೆ ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿಗಳನ್ನು, ಸರಿ ಮಾಡಿಸಿ ವಾಪಸ್ ತಂದೆ. ರಿಪೇರಿ ಮಾಡುವವರು ಕೇಳಿದ ಒಂದು ಪ್ರಶ್ನೆ ಇನ್ನೂ ತಲೆಯಲ್ಲಿ ಕೂತಿದೆ, ಅದಕ್ಕೇ ಇದನ್ನು ಬರೆಯಲು ಕೂತೆ. ಆ ಪ್ರಶ್ನೆ ಏನು ಅಂತ ಆಮೇಲೆ ಹೇಳುತ್ತೇನೆ.

ಮೊದಲು ಇದು ಯಾವ ಥರದ ಗಿಟಾರ್ ಅಂತ. ಸ್ಟೀಲ್ ತಂತಿಯ ಅಕೌಸ್ಟಿಕ್, ಡ್ರೆಡ್‌ನಾಟ್ ಆಕಾರ. ಮುಂದಿನ ಹಲಗೆ ಸ್ಪ್ರೂಸ್ ಮರದ್ದೇ, ಆದರೆ ಒಂದೇ ಹಲಗೆಯಿಂದ ಮಾಡಿದ್ದಲ್ಲ, ತೆಳು ಪದರಗಳನ್ನು ಅಂಟಿಸಿದ ಲ್ಯಾಮಿನೇಟ್. ಪಿಕಪ್ ಇಲ್ಲ, ವೈರ್ ಚುಚ್ಚುವ ಜಾಗ ಇಲ್ಲ. ಕಲಿಯುವವರಿಗೆ ಅಂತ ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಮಾಡುವ, ಅವರ ಪಟ್ಟಿಯ ಕೊನೆಯಲ್ಲಿರುವ ಮಾಡೆಲ್. ಕಂಪನಿ ಹೆಸರು ಬರೆಯುತ್ತಿಲ್ಲ. ನಾನು ಹೇಳುವ ಒಳ್ಳೆಯದೂ ಕೆಟ್ಟದ್ದೂ ಈ ವರ್ಗದ ಯಾವ ಗಿಟಾರಿಗಾದರೂ ಹೊಂದುತ್ತದೆ.

ಮೊದಲ ಎಂಟು ತಿಂಗಳು ಇದರ ಜೊತೆ ನನಗೆ ಆಗಿಬರಲೇ ಇಲ್ಲ. ಕಾರ್ಡ್‌ಗಳಲ್ಲಿ, ಅಂದರೆ ಹಲವು ಸ್ವರ ಒಟ್ಟಿಗೆ ನುಡಿಯುವ ಹಿಡಿತಗಳಲ್ಲಿ, ಜಿ ಬಂತು, ಸಿ ಬಂತು, ಇ ಮೈನರ್ ಅಂತೂ ಮೊದಲ ದಿನವೇ ಬಂತು. ಎಫ್ ಮಾತ್ರ ಬರಲಿಲ್ಲ. ತೋರುಬೆರಳನ್ನು ಮೊದಲ ಫ್ರೆಟ್‌ನ ಉದ್ದಕ್ಕೂ ಒತ್ತಿ ಹಿಡಿಯಬೇಕು, ಆರೂ ತಂತಿ ದನಿ ಕೊಡಬೇಕು. ನನಗೆ ಎರಡು ತಂತಿ ಕೇಳಿಸುತ್ತಿತ್ತು, ಉಳಿದ ನಾಲ್ಕು ಟಕ್ ಟಕ್ ಅನ್ನುತ್ತಿದ್ದವು. ಬೆರಳ ತುದಿಯಲ್ಲಿ ಗೆರೆ ಬಿದ್ದು ಉರಿಯುತ್ತಿತ್ತು, ರಾತ್ರಿ ಪಾತ್ರೆ ತೊಳೆಯುವಾಗ ಬಿಸಿನೀರು ತಾಗಿದರೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದೆ. ನನ್ನ ಕೈಯೇ ಚಿಕ್ಕದು, ಇದು ನನಗೆ ಆಗಿಬರುವ ವಾದ್ಯವಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಜಾಝ್ ಗಿಟಾರಿಸ್ಟ್ ಜಾಂಗೋ ರೈನ್‌ಹಾರ್ಟ್ ಕಥೆ ಗೊತ್ತಿದ್ದರೂ ಅದು ಧೈರ್ಯ ಕೊಡಲಿಲ್ಲ. 1928ರಲ್ಲಿ ಬೆಂಕಿ ಅನಾಹುತದಲ್ಲಿ ಅವರ ಎಡಗೈಯ ಉಂಗುರದ ಬೆರಳು, ಕಿರುಬೆರಳು ಎರಡೂ ಕೆಟ್ಟವು, ಉಳಿದ ಎರಡು ಬೆರಳುಗಳಲ್ಲೇ ಸೋಲೋ ನುಡಿಸಿ ದೊಡ್ಡ ಹೆಸರು ಮಾಡಿದರು. ಅಂಥವರ ಕಥೆ ಕೇಳಿದಾಗ ನನಗೆ ಅವರು ಬೇರೆಯೇ ಲೋಕದವರು ಅನ್ನಿಸುತ್ತಿತ್ತು, ಅಷ್ಟೇ.

ಕೊನೆಗೆ ಗೆಳತಿಯೊಬ್ಬಳು ಒಬ್ಬ ವಯಸ್ಸಾದ ರಿಪೇರಿಯವರ ಹತ್ತಿರ ಕರೆದುಕೊಂಡು ಹೋದಳು. ಅವರು ಗಿಟಾರ್ ನೋಡಲಿಲ್ಲ, ಮೊದಲು ನನ್ನ ಕೈ ನೋಡಿದರು. ಆಮೇಲೆ ಮೊದಲ ಫ್ರೆಟ್‌ಗೆ ಕೇಪೋ (ಆರೂ ತಂತಿಯನ್ನು ಒಟ್ಟಿಗೆ ಅದುಮಿ ಹಿಡಿಯುವ ಕ್ಲಿಪ್) ಹಾಕಿ, ಅದೇ ಎಫ್ ಆಕಾರವನ್ನು ಒಂದು ಮನೆ ಮುಂದೆ ಹಿಡಿಯಿರಿ ಅಂದರು. ಹಿಡಿದೆ. ಬಂತು! ಆರು ತಂತಿಯಲ್ಲಿ ಐದು ಸ್ಪಷ್ಟವಾಗಿ ಕೇಳಿದವು.

"ನಿಮ್ಮ ಬೆರಳಿಗೇನೂ ಆಗಿಲ್ಲಮ್ಮ, ನಟ್ ಎತ್ತರ ಇದೆ ಅಷ್ಟೇ" ಅಂದರು.

ಎಂಟು ತಿಂಗಳು ನನ್ನನ್ನೇ ಬೈದುಕೊಂಡಿದ್ದೆನಲ್ಲ ಅಂತ ಅಲ್ಲೇ ಕಣ್ಣು ತುಂಬಿ ಬಂತು. ತಂತಿಗಳು ಕುತ್ತಿಗೆಯ ತುದಿಯಲ್ಲಿ ಒಂದು ಸಣ್ಣ ಪಟ್ಟಿಯ ಗೀರುಗಳಲ್ಲಿ ಕೂತಿರುತ್ತವೆ, ಅದೇ ನಟ್. ಕಾರ್ಖಾನೆಯಲ್ಲಿ ಆ ಗೀರುಗಳನ್ನು ಸಾಕಷ್ಟು ಆಳ ಕೊರೆಯದಿದ್ದರೆ ಮೊದಲ ಫ್ರೆಟ್ ಹತ್ತಿರ ತಂತಿ ಮೇಲೇ ನಿಲ್ಲುತ್ತದೆ. ಆಗ ಎಫ್ ಹಿಡಿಯುವುದು ಎಂಥ ಗಟ್ಟಿ ಕೈಯವರಿಗೂ ಕಷ್ಟ. ಕೇಪೋ ಹಾಕಿದರೆ ನಟ್ ಲೆಕ್ಕಕ್ಕೇ ಬರುವುದಿಲ್ಲ, ಅದಕ್ಕೇ ಆ ಪರೀಕ್ಷೆ. ನಿಮ್ಮ ಗಿಟಾರ್‌ನಲ್ಲೂ ಎಫ್ ಬರುತ್ತಿಲ್ಲ ಅಂದರೆ ದಯವಿಟ್ಟು ಇವತ್ತೇ ಇದನ್ನು ಮಾಡಿ ನೋಡಿ, ಎರಡು ನಿಮಿಷದ ಕೆಲಸ.

ಅವರು ನಟ್‌ನ ಗೀರುಗಳನ್ನು ಅರದಿಂದ ಉಜ್ಜಿದರು. ತಂತಿಗಳು ಇನ್ನೊಂದು ತುದಿಯಲ್ಲಿ ಕೂರುವ ಪಟ್ಟಿ, ಅಂದರೆ ಸ್ಯಾಡಲ್, ತೆಗೆದು ಅದರ ತಳ ಉಜ್ಜಿದರು. ಹನ್ನೆರಡನೇ ಫ್ರೆಟ್ ಮೇಲೆ ದಪ್ಪ ತಂತಿ 3.5 ಮಿಲಿಮೀಟರ್ ಎತ್ತರ ಇತ್ತು, ಅದನ್ನು 2.5ಕ್ಕೆ ಇಳಿಸಿದರು. ಅಲ್ಲಿ ಒಂದು ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ ಎರಡು ಮಿಲಿಮೀಟರ್ ತೆಗೆಯಬೇಕು, ಯಾಕಂದರೆ ಹನ್ನೆರಡನೇ ಫ್ರೆಟ್ ತಂತಿಯ ಸರಿ ಅರ್ಧಕ್ಕೆ ಇರುತ್ತದೆ. ಟ್ರಸ್ ರಾಡ್ ತಿರುಗಿಸಿ ಎತ್ತರ ಇಳಿಸುತ್ತೇನೆ ಅನ್ನುವವರನ್ನು ನಂಬಬೇಡಿ ಅಂತಲೂ ಹೇಳಿದರು. ಆ ರಾಡ್ ಇರುವುದು ಕುತ್ತಿಗೆಯ ಬಾಗು ಸರಿ ಮಾಡಲು. ಒಂದು ಗಂಟೆಯಲ್ಲಿ ಎಲ್ಲ ಮುಗಿಯಿತು, ಆಮೇಲೆ ಕೈಗೆ ಬಂದದ್ದು ಬೇರೆಯೇ ಗಿಟಾರ್. ಅಂಕ ಕೊಡಲೇಬೇಕು ಅಂದರೆ ಪೆಟ್ಟಿಗೆಯಿಂದ ತೆಗೆದ ದಿನ ಐದಕ್ಕೆ ಎರಡು, ಈ ಒಂದು ಗಂಟೆಯ ನಂತರ ನಾಲ್ಕು. ಕಡಿಮೆ ಬೆಲೆಯ ಗಿಟಾರ್‌ಗಳ ದೊಡ್ಡ ಕೊರತೆ ಮರದಲ್ಲಿಲ್ಲ, ಈ ಕೊನೆಯ ಗಂಟೆಯ ಕೈಕೆಲಸವನ್ನು ಮಾಡದೆ ಬಿಡುವುದರಲ್ಲಿದೆ. ಕಲಿಯುವುದನ್ನು ಬಿಟ್ಟವರಲ್ಲಿ ಎಷ್ಟು ಜನ ನಟ್‌ನ ದೆಸೆಯಿಂದ ಬಿಟ್ಟರೋ ಅಂತ ನೆನೆದರೆ ನಿಜವಾಗಿ ಬೇಜಾರಾಗುತ್ತದೆ.

ಅದಾದ ಮೇಲೆ ಈ ಗಿಟಾರ್ ಮನೆಯಲ್ಲಿ ನೆಲೆಯಾಯಿತು.

ಅಪ್ಪ ಸಂಗೀತ ಕಲಿತವರಲ್ಲ. ಆದರೆ ಬಟ್ಟೆ ಇಸ್ತ್ರಿ ಮಾಡುವಾಗ ಯಾವಾಗಲೂ ಒಂದೇ ಹಾಡು ಗುನುಗುತ್ತಿದ್ದರು. ಅವರಿಗೆ ಅದರ ಎರಡು ಸಾಲು ಮಾತ್ರ ಗೊತ್ತಿತ್ತು. ಮೂರನೇ ಸಾಲಿಗೆ ಬಂದಾಗ ಮಾತು ಮರೆತು ಬರೀ "ನಾ ನಾ ನಾ" ಅಂತ ಎಳೆದು, ತಿರುಗಿ ಮೊದಲ ಸಾಲಿಗೆ ಬರುತ್ತಿದ್ದರು. ಒಂದು ಭಾನುವಾರ ನಾನು ಪಕ್ಕದಲ್ಲಿ ಕೂತು ಜೊತೆ ನುಡಿಸಲು ನೋಡಿದೆ. ಎಲ್ಲಿ ಹುಡುಕಿದರೂ ಸ್ವರ ಸಿಗಲಿಲ್ಲ. ನಾನು ಹಿಡಿಯುತ್ತಿದ್ದ ಜಿ ಅವರಿಗೆ ತಗ್ಗು, ಎ ಹಿಡಿದರೂ ಸ್ವಲ್ಪ ತಗ್ಗೇ, ಸಿ ಮೇಲಾಯಿತು.

"ಅಪ್ಪಾ, ಸ್ವಲ್ಪ ನಿಲ್ಸು, ಶ್ರುತಿ ಸಿಗ್ತಿಲ್ಲ" ಅಂದೆ.

"ನಿಲ್ಸಿದ್ರೆ ನಂಗೆ ಮರ್ತೋಗುತ್ತೆ ಪುಟ್ಟಿ. ನಾನು ಹಾಡ್ತಾನೇ ಇರ್ತೀನಿ, ನೀನೇ ಬಂದು ಸೇರ್ಕೋ" ಅಂದರು.

ಕೇಪೋವನ್ನು ಒಂದೊಂದೇ ಮನೆ ಮೇಲೆ ಸರಿಸುತ್ತಾ ಹೋದೆ. ಮೂರನೇ ಫ್ರೆಟ್‌ನಲ್ಲಿ ಜಿ ಆಕಾರ ಹಿಡಿದಾಗ ಸರಿಯಾಗಿ ಕೂತಿತು. ಅಂದರೆ ಬಿ ಫ್ಲ್ಯಾಟ್. ಅಪ್ಪ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಒಂದು ಕ್ಷಣ ನನ್ನನ್ನು ನೋಡಿದರು, ಹಾಡು ನಿಲ್ಲಿಸಲಿಲ್ಲ. ಆಮೇಲೆ ಪ್ರತಿ ಭಾನುವಾರ ಇದೇ ಆಯಿತು. ವರ್ಷಗಟ್ಟಲೆ. ಆಶ್ಚರ್ಯ ಏನೆಂದರೆ ಅವರ ಕೈಯಲ್ಲಿ ಶ್ರುತಿಪೆಟ್ಟಿಗೆ ಇಲ್ಲ, ಟ್ಯೂನರ್ ಇಲ್ಲ, ಆದರೂ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಶುರು ಮಾಡುತ್ತಿದ್ದರು. ನಾನು ಕೇಪೋ ಹಾಕಿಕೊಂಡು ಕಾದು ಕೂತಿರುತ್ತಿದ್ದೆ.

ಅವರು ಒಂದು ತಕರಾರು ಮಾತ್ರ ತೆಗೆಯುತ್ತಿದ್ದರು. "ಎಲ್ಲ ಚೆನ್ನಾಗಿದೆ, ಅದೊಂದು ಸ್ವರ ಮಾತ್ರ ಸ್ವಲ್ಪ ಚುಚ್ಚುತ್ತೆ ನೋಡು." ನಾನು ಟ್ಯೂನರ್ ಇಟ್ಟು ಮತ್ತೆ ಮತ್ತೆ ಶ್ರುತಿ ಮಾಡುತ್ತಿದ್ದೆ, ಮುಳ್ಳು ನಡುವೆಯೇ ನಿಲ್ಲುತ್ತಿತ್ತು, ಅವರಿಗೆ ಚುಚ್ಚುವುದು ಹೋಗುತ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ, ಅವರ ಕಿವಿ ಸರಿಯಾಗಿಯೇ ಹೇಳುತ್ತಿತ್ತು. ಫ್ರೆಟ್ ಇರುವ ಗಿಟಾರ್‌ನಲ್ಲಿ ಒಂದು ಸ್ಥಾಯಿಯನ್ನು ಹನ್ನೆರಡು ಸಮ ಭಾಗ ಮಾಡಿರುತ್ತಾರೆ. ಪ್ರತಿ ಭಾಗಕ್ಕೆ 100 ಸೆಂಟ್ ಅಂತ ಲೆಕ್ಕ. ಹಾಗೆ ಸಿಗುವ ಗಾಂಧಾರ ಷಡ್ಜದಿಂದ 400 ಸೆಂಟ್ ದೂರ. ಕಿವಿಗೆ ನಿಜವಾಗಿ ಹಿತವಾಗುವ ಶುದ್ಧ ಗಾಂಧಾರ 386ರಲ್ಲೇ ಸಿಗುತ್ತದೆ. ಆ 14 ಸೆಂಟ್ ಅಪ್ಪನಿಗೆ ಚುಚ್ಚುತ್ತಿತ್ತು. ಎಷ್ಟೇ ದುಬಾರಿ ಗಿಟಾರ್ ತಂದರೂ ಇದು ಇದ್ದೇ ಇರುತ್ತದೆ. ಹಾಗಾಗಿ ಇದನ್ನು ಈ ಗಿಟಾರಿನ ದೋಷ ಅಂತ ನಾನು ಬರೆಯುವುದಿಲ್ಲ. ಅಪ್ಪನಿಗೆ ಇದನ್ನು ಹೇಳಲಾಗಲಿಲ್ಲ, ಅದೊಂದು ಕೊರಗು ಇದೆ.

ಅಪ್ಪ ಹೋದ ಮೇಲೆ ಗಿಟಾರ್ ಬ್ಯಾಗಿನೊಳಗೆ ಸೇರಿ ಬೀರುವಿನ ಮೇಲೆ ಹೋಯಿತು. ಆರು ವರ್ಷ ಇಳಿಸಲಿಲ್ಲ. ಸಮಯ ಇರಲಿಲ್ಲ ಅಂತ ಎಲ್ಲರಿಗೂ ಹೇಳುತ್ತಿದ್ದೆ. ಸಮಯ ಇತ್ತು.

ಇಳಿಸಿದ್ದು ಮಗ ಕೇಳಿದ್ದಕ್ಕೆ. "ಅಮ್ಮ, ಆ ಬ್ಯಾಗ್ ಒಳಗೆ ಏನಿದೆ?" ಅಂತ. ತೆಗೆದು ತೋರಿಸಿದೆ. ಜಿಪ್ ಎಳೆದ ತಕ್ಷಣ ಆ ವಾಸನೆ ಬಂತು, ಮರ, ಹಳೇ ಪಾಲಿಶ್, ತುಕ್ಕು ಸೇರಿದ ವಾಸನೆ. ಗಿಟಾರ್ ನುಡಿಸುವವರಿಗೆಲ್ಲ ಅದು ಗೊತ್ತಿರುತ್ತದೆ. ತಂತಿಗಳು ಕಪ್ಪಾಗಿದ್ದವು, ಬೆರಳು ಜಾರಿಸಿದರೆ ಗರಗಸದ ಹಾಗೆ ತರಿ. ತಂತಿಗಳನ್ನು ಹಲಗೆಗೆ ಸಿಕ್ಕಿಸುವ ಬ್ರಿಡ್ಜ್ ಹಿಂದೆ ಹಲಗೆ ಸ್ವಲ್ಪ ಉಬ್ಬಿತ್ತು. ಅದು ನನ್ನದೇ ತಪ್ಪು. ಲೈಟ್ ಗೇಜ್ ತಂತಿಗಳನ್ನು ಪೂರ್ತಿ ಬಿಗಿ ಮಾಡಿದರೆ ಆರೂ ಸೇರಿ 70 ಕೆಜಿಗೂ ಮೀರಿ ಎಳೆಯುತ್ತವೆ. ಅಷ್ಟು ಎಳೆತದಲ್ಲಿ ಆರು ವರ್ಷ ಹಾಗೇ ಬಿಟ್ಟಿದ್ದೆ. ವರ್ಷಗಟ್ಟಲೆ ಮುಟ್ಟುವುದಿಲ್ಲ ಅಂತ ಮೊದಲೇ ಗೊತ್ತಿದ್ದರೆ ತಂತಿಗಳನ್ನು ಸ್ವಲ್ಪ ಸಡಿಲ ಮಾಡಿಡಿ. ಲ್ಯಾಮಿನೇಟ್ ಅಲ್ಲದ, ಒಂದೇ ಗಟ್ಟಿ ಹಲಗೆಯ ದುಬಾರಿ ಗಿಟಾರ್ ಆಗಿದ್ದರೆ ಬಿರುಕೇ ಬಿಟ್ಟಿರುತ್ತಿತ್ತೋ ಏನೋ. ಇದು ಅಷ್ಟು ಉಬ್ಬಿನಲ್ಲೇ ತಡೆದುಕೊಂಡಿತು, ಈಗಲೂ ಅಷ್ಟೇ ಇದೆ, ಜಾಸ್ತಿಯಾಗಿಲ್ಲ.

ಹೊಸ ತಂತಿ ಹಾಕಿ ಶ್ರುತಿ ಮಾಡಿ ಕೂತೆ. ಏನು ನುಡಿಸಲಿ ಅಂತ ಯೋಚಿಸಿದರೆ ಒಂದೂ ನೆನಪಿಗೆ ಬರಲಿಲ್ಲ. ಒಂದು ಕಾಲದಲ್ಲಿ ನಲವತ್ತು ಐವತ್ತು ಹಾಡು ಬರುತ್ತಿದ್ದವು. ಯಾವ ಹಾಡಿಗೆ ಯಾವ ಕಾರ್ಡ್, ಎಲ್ಲಿಂದ ಶುರು, ಎಲ್ಲ ಖಾಲಿ. ಸುಮ್ನೆ ಮಗನ ಕಡೆ ನೋಡುತ್ತಾ ಕೇಪೋ ತೆಗೆದುಕೊಂಡೆ. ಅದು ತಾನಾಗಿ ಮೂರನೇ ಫ್ರೆಟ್‌ಗೆ ಹೋಗಿ ಕೂತಿತು. ಕೈ ಜಿ ಹಿಡಿಯಿತು. ಅಲ್ಲಿಂದ ಸಿ, ತಿರುಗಿ ಜಿ, ಡಿ. ಮೂರನೇ ಸಾಲಿನ ಜಾಗದಲ್ಲಿ ಅಪ್ಪ ಎಳೆಯುತ್ತಿದ್ದ ಅಷ್ಟೇ ಹೊತ್ತು ಕೈ ಕಾಯಿತು, ಆಮೇಲೆ ಮೊದಲ ಸಾಲಿಗೆ ತಿರುಗಿತು. ನಾನು ಏನೂ ಮಾಡಲಿಲ್ಲ. ನಾನು ನೋಡುತ್ತಿದ್ದೆ. ಮುಂದಿನ ಕಾರ್ಡ್ ಯಾವುದು ಅಂತ ಒಮ್ಮೆ ಯೋಚಿಸಿದ್ದೇ ತಡ, ಕೈ ನಿಂತುಬಿಟ್ಟಿತು. ಯೋಚನೆ ಬಿಟ್ಟೆ, ಮತ್ತೆ ಹೊರಟಿತು.

ಇದು ಎಲ್ಲ ವಾದ್ಯದವರಿಗೂ ಆಗುವ ಅನುಭವ. ಸೈಕಲ್ ಹೊಡೆಯುವುದು, ಈಜುವುದು ಮರೆಯದ ಹಾಗೆ. ಮಾಡಿ ಮಾಡಿ ಕೈಗೆ ಕೂತ ಕೆಲಸದ ನೆನಪನ್ನು ಮೆದುಳು ಇಡುವ ಬಗೆಯೇ ಬೇರೆ. ಹೆಸರು, ಮಾತು, ದಿನಾಂಕ ಇಡುವ ದಾರಿಯಲ್ಲಿ ಇದನ್ನು ಇಡುವುದಿಲ್ಲ. ಅದಕ್ಕೇ ಹಾಡಿನ ಹೆಸರು ಹೋಗುತ್ತದೆ, ಹಾಡು ಉಳಿಯುತ್ತದೆ.

ಈ ವಿಷಯಕ್ಕೆ ನಾನು ಮತ್ತೆ ಮತ್ತೆ ನೆನೆಯುವುದು ಜಾಝ್ ಗಿಟಾರಿಸ್ಟ್ ಪ್ಯಾಟ್ ಮಾರ್ಟಿನೋ ಅವರನ್ನು. 1944ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದವರು, ಇಪ್ಪತ್ತರ ವಯಸ್ಸಿಗೇ ಹೆಸರು ಮಾಡಿದ್ದರು. 1980ರಲ್ಲಿ ಮೆದುಳಿನ ರಕ್ತನಾಳದ ತೊಂದರೆಗೆ ಆಪರೇಷನ್ ಆಯಿತು. ಎಚ್ಚರವಾದಾಗ ಹೆತ್ತವರ ಗುರುತೂ ಸಿಗಲಿಲ್ಲ, ತಾನು ಗಿಟಾರ್ ನುಡಿಸುತ್ತಿದ್ದೆ ಅನ್ನುವುದೂ ನೆನಪಿಲ್ಲ. ತಾನೇ ಹಿಂದೆ ಮಾಡಿದ್ದ ರೆಕಾರ್ಡ್‌ಗಳನ್ನು ಕೇಳುತ್ತಾ, ಅದರಿಂದ ತಿರುಗಿ ಗಿಟಾರ್ ಕಲಿತರು. 1987ರ ಹೊತ್ತಿಗೆ ಮತ್ತೆ ಆಲ್ಬಮ್ ತಂದರು, 2018ರವರೆಗೂ ವೇದಿಕೆಯಲ್ಲಿ ನುಡಿಸಿದರು, 2021ರಲ್ಲಿ ತೀರಿಕೊಂಡರು. ತನ್ನ ಗುರು ತಾನೇ ಆಗಿ, ಆ ಗುರುವಿನ ಪರಿಚಯವೇ ಇಲ್ಲದೆ ಕಲಿಯುವುದು ಹೇಗಿರಬಹುದು ಅಂತ ಊಹಿಸಿಕೊಳ್ಳಲು ನೋಡುತ್ತೇನೆ. ನನ್ನ ಕೈಗೆ ಆರು ವರ್ಷದ ಮೇಲೆ ಬಂದದ್ದು ಅದರ ಮುಂದೆ ಬಹಳ ಸಣ್ಣದು. ಆದರೂ ಆ ಮಧ್ಯಾಹ್ನದ ನಂತರ ಅವರ ರೆಕಾರ್ಡ್ ಕೇಳುವ ರೀತಿಯೇ ನನಗೆ ಬದಲಾಯಿತು.

ಏನು ಉಳಿದಿತ್ತು, ಏನು ಹೋಗಿತ್ತು ಅಂತಲೂ ಹೇಳಬೇಕು, ಬಿಟ್ಟು ಮತ್ತೆ ಶುರು ಮಾಡುವವರಿಗೆ ಅನುಕೂಲ. ಕಾರ್ಡ್‌ನಿಂದ ಕಾರ್ಡ್‌ಗೆ ಹೋಗುವುದು ಹಾಗೇ ಇತ್ತು. ಬಲಗೈಯ ತಾಳ ಹಾಗೇ ಇತ್ತು. ಬೆರಳ ತುದಿಯ ಜಡ್ಡು ಪೂರ್ತಿ ಹೋಗಿತ್ತು, ಎಫ್‌ನಲ್ಲಿ ಮಾಡುವ ಹಾಗೆ ಒಂದೇ ಬೆರಳಲ್ಲಿ ಎಲ್ಲ ತಂತಿ ಒತ್ತುವ ಬಾರೆ ಹಿಡಿಯುವ ಶಕ್ತಿಯೂ ಹೋಗಿತ್ತು. ಮೊದಲ ವಾರ ದಿನಕ್ಕೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ಆಗಲಿಲ್ಲ. ಮೂರು ವಾರದಲ್ಲಿ ತುದಿ ಗಟ್ಟಿಯಾಯಿತು. ದಿನಾ ಸ್ವಲ್ಪ ಸ್ವಲ್ಪ ನುಡಿಸಿ. ಭಾನುವಾರ ಒಂದೇ ದಿನ ಮೂರು ಗಂಟೆ ನುಡಿಸಿದರೆ ಬೆರಳಲ್ಲಿ ಗುಳ್ಳೆ ಏಳುತ್ತದೆ, ಆಮೇಲೆ ಬುಧವಾರದವರೆಗೆ ಮುಟ್ಟಲಾಗುವುದಿಲ್ಲ.

ಇನ್ನು ದನಿ. ಇಷ್ಟು ಹೊತ್ತಾದ ಮೇಲೆ ದನಿಯ ಮಾತು ಎತ್ತುತ್ತಿದ್ದೇನೆ, ನನ್ನ ಮಟ್ಟಿಗೆ ಅದರ ಸ್ಥಾನ ಅಲ್ಲೇ. ಮೂರು ವರ್ಷದ ಹಿಂದೆ ಗಟ್ಟಿ ಸ್ಪ್ರೂಸ್ ಹಲಗೆಯ ಇನ್ನೊಂದು ಗಿಟಾರ್ ತಗೊಂಡೆ. ಪಕ್ಕಪಕ್ಕ ಇಟ್ಟು ನುಡಿಸಿದರೆ ವ್ಯತ್ಯಾಸ ಯಾರಿಗಾದರೂ ಕೇಳುತ್ತದೆ. ಹೊಸದರಲ್ಲಿ ಒಂದು ತಂತಿ ಮೀಟಿದರೆ ಸ್ವರ ಅರಳಿ ನಿಲ್ಲುತ್ತದೆ, ಮೆಲ್ಲಗೆ ಮೀಟಿದರೆ ಮೆಲ್ಲಗೆ, ಜೋರಾಗಿ ಮೀಟಿದರೆ ಜೋರಾಗಿ ಮಾತಾಡುತ್ತದೆ. ಹಳೆಯದು ಹೇಗೆ ಮೀಟಿದರೂ ಹೆಚ್ಚುಕಡಿಮೆ ಒಂದೇ ಥರ, ಸ್ವರ ಬೇಗ ಇಳಿಯುತ್ತದೆ. ಗಟ್ಟಿ ಹಲಗೆಯ ಗಿಟಾರ್ ವರ್ಷ ಕಳೆದಂತೆ ಇಂಪಾಗುತ್ತದೆ ಅನ್ನುತ್ತಾರೆ, ಲ್ಯಾಮಿನೇಟ್‌ನಲ್ಲಿ ಅಂಥದ್ದೇನೂ ನನ್ನ ಕಿವಿಗೆ ಕೇಳಿಸಿಲ್ಲ. 19 ವರ್ಷದ ಹಿಂದೆ ಹೇಗಿತ್ತೋ ಹಾಗೇ ಇದೆ. ಬೆರಳಲ್ಲಿ ಒಂದೊಂದೇ ತಂತಿ ಮೀಟಿ ನುಡಿಸುವವರು ಇದನ್ನು ತಗೊಳ್ಳಬೇಡಿ. ಪಿಕ್ ಹಿಡಿದು ಸ್ಟ್ರಮ್ ಮಾಡುತ್ತಾ ಹಾಡುವವರಿಗೆ ಮಾತ್ರ ಇದೇ ಒಂದು ಅನುಕೂಲ, ದನಿ ಮಾತಿಗೆ ಅಡ್ಡ ಬರುವುದಿಲ್ಲ, ಹಿಂದೆ ನಿಲ್ಲುತ್ತದೆ.

ಹೊಸದಕ್ಕೆ ಆರೈಕೆ ಜಾಸ್ತಿ ಬೇಕು. ಗಾಳಿಯ ತೇವಾಂಶ 45ರಿಂದ 55 ಶೇಕಡಾ ಇರಬೇಕು ಅನ್ನುತ್ತಾರೆ, ಒಣ ದಿನಗಳಲ್ಲಿ ಅದರ ಬ್ಯಾಗಿನೊಳಗೆ ತೇವ ಕೊಡುವ ಪ್ಯಾಕೆಟ್ ಇಡಬೇಕು, ನುಡಿಸಿ ಮುಗಿದ ತಕ್ಷಣ ಒಳಗಿಡಬೇಕು. ಹಳೆಯದು ಸೋಫಾ ಪಕ್ಕದ ಸ್ಟ್ಯಾಂಡ್‌ನಲ್ಲಿ ನಿಂತಿರುತ್ತದೆ. ಆಗಿದ್ದೇನು? ವಾರಕ್ಕೆ ಏಳು ದಿನವೂ ಕೈ ಹೋಗುವುದು ಹಳೆಯದಕ್ಕೆ. ಅನ್ನ ಬೇಯುವ ಹತ್ತು ನಿಮಿಷ, ಯಾರಿಗೋ ಕಾಯುವ ಐದು ನಿಮಿಷ, ಜಿಪ್ ತೆಗೆಯುವ ಕೆಲಸ ಇಲ್ಲವಲ್ಲ, ಎತ್ತಿಕೊಂಡರಾಯಿತು. ಯಾವ ಗಿಟಾರ್ ತಗೊಂಡರೂ ಜೊತೆಗೆ ಒಂದು ಸ್ಟ್ಯಾಂಡ್ ತಗೊಳ್ಳಿ. ಬ್ಯಾಗಿನೊಳಗಿನ ಗಿಟಾರ್ ಏನಾಗುತ್ತದೆ ಅಂತ ನಾನು ಆರು ವರ್ಷ ನೋಡಿದ್ದೇನೆ.

ಆಕಾರದ ಬಗ್ಗೆ ಹುಡುಗಿಯರಿಗೆ, ಚಿಕ್ಕ ಮೈಯವರಿಗೆ ಒಂದು ಮಾತು. ಡ್ರೆಡ್‌ನಾಟ್ ದೊಡ್ಡ ಹೊಟ್ಟೆಯ ಗಿಟಾರ್. 1906ರ ಬ್ರಿಟಿಷ್ ಯುದ್ಧನೌಕೆಯ ಹೆಸರನ್ನೇ ಇದಕ್ಕೆ ಇಟ್ಟರು ಅಂದರೆ ಗಾತ್ರ ಊಹಿಸಿ. ಮಾರ್ಟಿನ್ ಕಂಪನಿ 1916ರಲ್ಲಿ ಡಿಟ್ಸನ್ ಅನ್ನುವ ಮಾರಾಟಗಾರರಿಗಾಗಿ ಮೊದಲು ಇದನ್ನು ಮಾಡಿತು, 1931ರಲ್ಲಿ ತನ್ನದೇ ಹೆಸರಿನಲ್ಲಿ ತಂದಿತು. ಆಮೇಲೆ ಇದೇ ಎಲ್ಲರೂ ಅನುಕರಿಸುವ ಆಕಾರವಾಯಿತು. ಕೂತು ನುಡಿಸುವಾಗ ನನ್ನ ಬಲ ಭುಜ ಮೇಲೇಳುತ್ತದೆ, ಒಂದು ಗಂಟೆ ಆದರೆ ಕುತ್ತಿಗೆ ಹಿಡಿಯುತ್ತದೆ. 19 ವರ್ಷದಲ್ಲಿ ಇದು ಅಭ್ಯಾಸ ಆಗಲಿಲ್ಲ. ಇವತ್ತು ಕೊಳ್ಳುವುದಾಗಿದ್ದರೆ ಇದೇ ವರ್ಗದಲ್ಲಿ ಚಿಕ್ಕ ಮೈಯ ಗಿಟಾರ್ ನೋಡುತ್ತಿದ್ದೆ. ಕೊಳ್ಳುವ ಮುಂಚೆ ತೊಡೆಯ ಮೇಲೆ ಇಟ್ಟುಕೊಂಡು ಹದಿನೈದು ನಿಮಿಷವಾದರೂ ಕೂತು ನೋಡಿ.

ತಂತಿ 12 ಗೇಜ್‌ನಿಂದ ಇನ್ನೂ ತೆಳುವಾದ 11ಕ್ಕೆ ಇಳಿಸಿದ್ದೇನೆ, ಫಾಸ್ಫರ್ ಬ್ರಾಂಜ್. ದನಿ ಸ್ವಲ್ಪ ಕಡಿಮೆಯಾಯಿತು, ಬೆರಳಿಗೆ ಹಿತ, ಉಬ್ಬಿದ ಹಲಗೆಗೂ ಹಿತ. ಕಿವಿ ತಿರುಪುಗಳು ಸಾಧಾರಣ, ಆದರೆ ಶ್ರುತಿ ಬಿಡುವುದಕ್ಕೆ ನಾನು ಸುಮ್ಮನೆ ಅವುಗಳನ್ನೇ ದೂರುತ್ತಿದ್ದೆ. ಮೂರನೇ ತಂತಿ ತಿರುಗಿಸಿದಾಗ ಟಿಂಕ್ ಅಂತ ಸದ್ದು ಬಂದು ಶ್ರುತಿ ಒಮ್ಮೆಲೇ ಹಾರುತ್ತಿತ್ತು. ನಟ್‌ನ ಗೀರಿನಲ್ಲಿ ತಂತಿ ಸಿಕ್ಕಿಕೊಳ್ಳುವುದು ಅದಕ್ಕೆ ಕಾರಣ. ಮೊನಚು ಪೆನ್ಸಿಲ್‌ನಿಂದ ಆ ಗೀರಿನಲ್ಲಿ ಎರಡು ಸಲ ತೀಡಿದೆ, ಗ್ರಾಫೈಟ್ ಪುಡಿ ಕೂತಿತು, ಸದ್ದು ಹೋಯಿತು. ತಂತಿ ಬದಲಿಸಿದಾಗಲೆಲ್ಲ ಹೀಗೆ ಮಾಡುತ್ತೇನೆ.

ಈಗ ಆ ಪ್ರಶ್ನೆಗೆ ಬರುತ್ತೇನೆ.

ಕಳೆದ ಕೆಲವು ತಿಂಗಳಿಂದ ಎರಡನೇ ತಂತಿ ಕೆಲವು ಕಡೆ ಝರ್ ಅನ್ನುತ್ತಿತ್ತು. ಮೊದಲು ನೋಡಿದ ರಿಪೇರಿಯವರು ಈಗ ಕೆಲಸ ನಿಲ್ಲಿಸಿದ್ದಾರೆ, ಬೇರೆಯವರ ಹತ್ತಿರ ಹೋದೆ, ಚಿಕ್ಕ ವಯಸ್ಸಿನ ಹುಡುಗ, ತುಂಬ ಶ್ರದ್ಧೆಯಿಂದ ಕೆಲಸ ಮಾಡುತ್ತಾರೆ. ತಂತಿ ಬಿಚ್ಚಿ, ದೀಪ ಹತ್ತಿರ ಎಳೆದು ಫ್ರೆಟ್‌ಗಳನ್ನು ಬಹಳ ಹೊತ್ತು ನೋಡಿದರು. ಸ್ಟೀಲ್ ತಂತಿಯನ್ನು ವರ್ಷಗಟ್ಟಲೆ ಒತ್ತಿದರೆ ಫ್ರೆಟ್ ಲೋಹದಲ್ಲಿ ಸಣ್ಣ ಹಳ್ಳ ಬೀಳುತ್ತದೆ, ಆ ಹಳ್ಳದಲ್ಲಿ ಇಳಿದ ತಂತಿ ಮುಂದಿನ ಫ್ರೆಟ್‌ಗೆ ತಾಗಿ ಸದ್ದು ಮಾಡುತ್ತದೆ. ಅದು ಗೊತ್ತಿರುವುದೇ. ಅವರಿಗೆ ವಿಚಿತ್ರ ಅನ್ನಿಸಿದ್ದು ಹಳ್ಳ ಬಿದ್ದ ಜಾಗ.

"ಮೇಡಂ, ಎಲ್ಲರ ಗಿಟಾರ್‌ನಲ್ಲೂ ಮೊದಲ ಮೂರು ಫ್ರೆಟ್ ಸವೆದಿರುತ್ತೆ. ನಿಮ್ಮದರಲ್ಲಿ ಐದು, ಆರು ಜಾಸ್ತಿ ಸವೆದಿದೆ. ಮೂರನೇದರಲ್ಲಿ ನೋಡಿದರೆ ಆರೂ ತಂತಿ ಕೆಳಗೆ ಒಂದೇ ಸಮ ಗುರುತಿದೆ. ನೀವು ಏನು ನುಡಿಸ್ತೀರಿ ಇದರಲ್ಲಿ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕೇಪೋ ಮೂರರಲ್ಲಿದ್ದರೆ ಜಿ, ಸಿ, ಡಿ ಎಲ್ಲ ಮೂರು ಮನೆ ಮೇಲೆ ಹೋಗುತ್ತವೆ. ಎರಡನೇ ಫ್ರೆಟ್ ಒತ್ತುವ ಬೆರಳು ಐದನ್ನು ಒತ್ತುತ್ತದೆ, ಮೂರನ್ನು ಒತ್ತುವ ಬೆರಳು ಆರನ್ನು. ಕೇಪೋ ತಾನೇ ಮೂರನೇ ಫ್ರೆಟ್ ಮೇಲೆ ಆರೂ ತಂತಿಯನ್ನು ಅದುಮಿ ಹಿಡಿದಿರುತ್ತದೆ. ಅಷ್ಟೂ ಸವೆತ ಅಪ್ಪನ ಶ್ರುತಿಯದು. ಎಷ್ಟು ಭಾನುವಾರ ಅಂತ ನಾನು ಎಣಿಸಿರಲಿಲ್ಲ, ಲೋಹ ಎಣಿಸಿಟ್ಟಿತ್ತು. ಅಪ್ಪನ ದನಿಯ ರೆಕಾರ್ಡಿಂಗ್ ನಮ್ಮ ಹತ್ತಿರ ಒಂದೂ ಇಲ್ಲ. ಮದುವೆಯೊಂದರ ವಿಡಿಯೋದಲ್ಲಿ ಹಿಂದಿನಿಂದ ಯಾರನ್ನೋ ಕೂಗುವುದು ಕೇಳುತ್ತದೆ, ಅಷ್ಟೇ. ಅವರು ಯಾವ ಎತ್ತರದಲ್ಲಿ ಹಾಡುತ್ತಿದ್ದರು ಅನ್ನುವುದಕ್ಕೆ ಕೈಯಲ್ಲಿ ಮುಟ್ಟುವಂಥ ಗುರುತು ಎಲ್ಲಾದರೂ ಇದೆ ಅಂದರೆ ಅದು ಈ ಮೂರು ಫ್ರೆಟ್‌ಗಳಲ್ಲಿ.

ಆ ಹುಡುಗ ಎರಡು ದಾರಿ ಹೇಳಿದರು. ಫ್ರೆಟ್‌ಗಳನ್ನೇ ಕಿತ್ತು ಹೊಸದು ಹಾಕಬಹುದು. ಇಲ್ಲವೇ ಇರುವುದನ್ನೇ ಉಜ್ಜಿ ಸಮ ಮಾಡಿ, ತಲೆ ದುಂಡಗೆ ಮಾಡಿ ಹೊಳಪು ಕೊಡಬಹುದು, ಲೋಹ ಸ್ವಲ್ಪ ತೆಳುವಾಗುತ್ತದೆ, ಇನ್ನೂ ಒಂದು ಸಲ ಹಾಗೆ ಮಾಡುವಷ್ಟು ಉಳಿಯುತ್ತದೆ. ಮೂರನೇ ದಾರಿ, ಏನೂ ಮಾಡದೆ ಹಾಗೇ ಬಿಡುವುದು. ನಾನು ಒಂದು ದಿನ ಸಮಯ ಕೇಳಿ ಮನೆಗೆ ಬಂದೆ.

ಕ್ವೀನ್ ಬ್ಯಾಂಡಿನ ಗಿಟಾರಿಸ್ಟ್ ಬ್ರಯಾನ್ ಮೇ ಅವರ ಗಿಟಾರ್ ನೆನಪಾಯಿತು. ಅಪ್ಪ ಮಗ ಸೇರಿ 1963ರಲ್ಲಿ ಶುರು ಮಾಡಿ ಕೈಯಿಂದ ಮಾಡಿದ್ದು, ಅದರ ಕುತ್ತಿಗೆ ಹಳೇ ಬೆಂಕಿಗೂಡಿನ ಮರದ್ದು. ಆ ಗಿಟಾರನ್ನು ಅವರು ಗಾಜಿನೊಳಗೆ ಇಡಲಿಲ್ಲ. ದಶಕಗಟ್ಟಲೆ ವೇದಿಕೆಯ ಮೇಲೆ ನುಡಿಸಿದರು, ಸವೆದ ಹಾಗೆ ರಿಪೇರಿ ಮಾಡಿಸುತ್ತಾ ನುಡಿಸಿದರು. ಝರ್ ಅನ್ನುವ ಗಿಟಾರನ್ನು ನಾನು ದಿನಾ ಎತ್ತಿಕೊಳ್ಳುವುದಿಲ್ಲ ಅಂತ ನನಗೆ ಗೊತ್ತಿತ್ತು. ಅದು ಮತ್ತೆ ಬೀರುವಿನ ಮೇಲೆ ಹೋಗುವುದು ನನಗೆ ಬೇಡವಾಗಿತ್ತು. ಹಳ್ಳಗಳ ಹತ್ತಿರದ ಒಂದು ಫೋಟೋ ತೆಗೆದುಕೊಂಡು, ಮಾರನೇ ದಿನ ಉಜ್ಜಿಬಿಡಿ ಅಂದೆ.

ಕೆಲಸ ಅಚ್ಚುಕಟ್ಟಾಗಿ ಆಗಿದೆ. ಝರ್ ಸದ್ದು ಹೋಗಿದೆ, ಬೆರಳು ಮೇಲೆ ಕೆಳಗೆ ಜಾರುವಾಗ ಫ್ರೆಟ್ ತಾಗುವುದೇ ಗೊತ್ತಾಗುವುದಿಲ್ಲ. ಹದಿನಾಲ್ಕನೇ ಫ್ರೆಟ್ ಹತ್ತಿರ ಒಂದನೇ ತಂತಿ ಇನ್ನೂ ಸ್ವಲ್ಪ ಸತ್ತ ಹಾಗೆ ಕೇಳುತ್ತದೆ, ಅಲ್ಲಿಗೆ ನಾನು ಹೋಗುವುದೇ ಅಪರೂಪ, ಹಾಗಾಗಿ ಬಿಟ್ಟೆ.

ಕೊಳ್ಳಬಹುದಾ ಅಂತ ಕೇಳಿದರೆ, ಹಾಡುತ್ತಾ ನುಡಿಸಬೇಕು ಅನ್ನುವವರಿಗೆ, ಕೊಂಡ ವಾರದಲ್ಲೇ ನಟ್ ಮತ್ತು ಸ್ಯಾಡಲ್ ಸರಿ ಮಾಡಿಸುತ್ತೇನೆ ಅನ್ನುವವರಿಗೆ, ಹೌದು. ಆ ಕೆಲಸಕ್ಕೂ ಹಣ ಎತ್ತಿಟ್ಟುಕೊಂಡೇ ಕೊಳ್ಳಿ. ಬೆರಳಲ್ಲಿ ಮೀಟುವ ಆಸೆ ಇದ್ದರೆ ಇನ್ನಷ್ಟು ಕಾದು ಗಟ್ಟಿ ಹಲಗೆಯದೇ ತಗೊಳ್ಳಿ.

ಮನೆಗೆ ತಂದ ಸಂಜೆ ಕೇಪೋ ಮೂರಕ್ಕೆ ಹಾಕಿ ಕೂತೆ. ಮಗ ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ, ತಲೆ ಎತ್ತದೆ ಜೊತೆಗೆ ಗುನುಗಿದ. ಆ ಹಾಡಿನ ಪೂರ್ತಿ ಸಾಹಿತ್ಯ ಹುಡುಕಿದರೆ ಈಗ ಒಂದು ನಿಮಿಷದಲ್ಲಿ ಸಿಗುತ್ತದೆ, ನಾನು ಹುಡುಕಿಲ್ಲ. ಅವನಿಗೂ ಎರಡು ಸಾಲು ಮಾತ್ರ ಗೊತ್ತು. ಮೂರನೇ ಸಾಲು ಬಂದಾಗ ಅವನೂ "ನಾ ನಾ ನಾ" ಅಂತ ಎಳೆದ.